ಕಾರಿನ ಕಿಟಕಿಗೆ ಬೇರಿನ ಶರಬತ್ತು

ನನ್ನ ಯಜಮಾನರು ಮಸ್ಕತ್ತಿನ ಅಲ್ ಗುಬ್ರಾದಲ್ಲಿ ಅಮೆರಿಕನ್ ಮಾದರಿಯ ಹೋಟೆಲೊಂದರ ಮ್ಯಾನೇಜರ್ ಆಗಿದ್ದರು. ಅಲ್ಲಿ ಬರ್ಗರಿನ ಜೊತೆ ರೂಟ್ ಬಿಯರ್ ಎಂಬ ಕಪ್ಪು ಪಾನೀಯವನ್ನು ಫ್ರೀಜರಿನಲ್ಲಿಟ್ಟ ಗಾಜಿನ ಮಗ್ಗಿನಲ್ಲಿ ಕೊಡುತ್ತಿದ್ದರು. ಹೆಸರಿನಲ್ಲಿ ಬಿಯರ್ ಇದ್ದರೂ ಮದ್ಯವಲ್ಲ. ಬೇರು, ತೊಗಟೆಗಳ ಪರಿಮಳ ಸೇರಿಸಿದ ಸೋಡಾ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಗುಟುಕು ಕುಡಿದು, "ಇದೆಂತದು ಮಾರಾಯ್ರೆ, ನೋವಿನ ಮುಲಾಮು ನುಂಗಿದ ಹಾಗುಂಟು" ಎಂದಿದ್ದೆ.

ಅವರು ಮೈಸೂರಿನವರು. ಬೇಸರಿಸದೆ ಅದರ ಕಥೆ ಹೇಳಿದರು. ಅಮೆರಿಕದಲ್ಲಿ ಜನ ಕಾರು ಕೊಳ್ಳತೊಡಗಿದ ಕಾಲಕ್ಕೆ ರಸ್ತೆ ಬದಿಯಲ್ಲಿ ಇದನ್ನು ಮಾರುವ ಗೂಡಂಗಡಿಗಳು ಹುಟ್ಟಿದವಂತೆ. ಗಿರಾಕಿ ಕಾರಿನಿಂದ ಇಳಿಯಬೇಕಿಲ್ಲ. ಹುಡುಗಿಯರು ಟ್ರೇ ತಂದು ಕಿಟಕಿಗೆ ಸಿಕ್ಕಿಸಿ ಹೋಗುತ್ತಿದ್ದರು. ಅಂಥ ಗೂಡಂಗಡಿಗಳಲ್ಲಿ ಕೆಲವು ಬೆಳೆದು ಊರೂರಲ್ಲೂ ಒಂದೇ ಹೆಸರಿನ ಹೋಟೆಲುಗಳಾದವು. ಕಾಲ ಕಳೆದಂತೆ ಜನಕ್ಕೆ ನಿಂತು ತಿನ್ನುವ ಪುರುಸೊತ್ತೂ ಇಲ್ಲವಾಗಿ, ಕಟ್ಟಡದ ಕಿಟಕಿಯಿಂದಲೇ ಪೊಟ್ಟಣ ಇಸಿದುಕೊಂಡು ಹೊರಟುಬಿಡುವ ಪದ್ಧತಿ ಬಂತು.

"ಒಮಾನಲ್ಲಿ ಮಾತ್ರ ಹಳೇ ಪದ್ಧತಿ ಇನ್ನೂ ಇದೆ ನೋಡು. ಟೀ ಅಂಗಡಿ ಮುಂದೆ ಹಾರ್ನ್ ಹೊಡೆದ್ರೆ ಕರಕ್, ಅಂದ್ರೆ ಗಟ್ಟಿ ಹಾಲಿನ ಚಹಾ, ಕಾರಿಗೇ ಬರುತ್ತೆ" ಎಂದರು.

ಆ ಹೋಟೆಲು ಮುಚ್ಚಿದಾಗ ಅವರು ಬೇರೆ ನೌಕರಿ ಹುಡುಕಲಿಲ್ಲ. ಮಸ್ಕತ್ತಿನ ಹೊರವಲಯದ ಅಲ್ ಮಬೇಲಾದಲ್ಲಿ ಗ್ಯಾರೇಜುಗಳ ಸಾಲಿನ ತುದಿಗೆ ಒಂದು ಮಳಿಗೆ ನೋಡಿ ಬಂದರು. ಕರಕ್, ಪೊರೋಟಾ ಜೊತೆಗೆ ರೂಟ್ ಬಿಯರ್ ಇಡುವ ಆಸೆ. ನಮ್ಮ ಕಫೀಲ್, ಅಂದರೆ ಅಂಗಡಿಗೆ ಜಾಮೀನಾಗಿ ನಿಂತ ಒಮಾನಿ ಹಿರಿಯರು, ಹಿಂದಿಯಲ್ಲಿ ಖಡಾಖಂಡಿತವಾಗಿ ಹೇಳಿದರು: "ಬಿಯರ್ ಎಂಬ ಶಬ್ದ ಬೋರ್ಡಿನ ಮೇಲೆ ಬೇಡ. ಖಲಾಸ್."

ಯಜಮಾನರ ಮುಖ ಬಾಡಿತು. ನಾನು ಬಿಡಲಿಲ್ಲ. "ನಮ್ಮಲ್ಲಿ ನನ್ನಾರಿ, ಅದೇ ಸೊಗದೆ ಬೇರಿನ ಶರಬತ್ತು ಉಂಟಲ್ಲ, ಅದನ್ನೇ ಮಾಡುವ" ಎಂದೆ.

ಉಡುಪಿಯಿಂದ ಬರುವವರ ಕೈಯಲ್ಲಿ ಬೇರು ತರಿಸಿದೆ. ಮೊದಲ ಸಲ ಕುದಿಸಿದ್ದು ಕಹಿಯಾಯಿತು, ಎರಡನೆಯದು ಬರೀ ಸಕ್ಕರೆ ಪಾಕ. ಬೇರನ್ನು ಜಜ್ಜಿ ರಾತ್ರಿಯಿಡೀ ನೆನೆಸಿಟ್ಟ ಮೇಲೆ ಹದ ಬಂತು. ಆದರೆ ಅಂಗಡಿಯಿಂದ ಕಾರಿಗೆ ಒಯ್ಯುವಷ್ಟರಲ್ಲಿ ಆ ಬಿಸಿಲಿಗೆ ಸೋಡಾ ಸಪ್ಪೆಯಾಗುತ್ತಿತ್ತು. ಮಗ್ಗಿನಲ್ಲಿ ಶರಬತ್ತು, ನಿಂಬೆರಸ ಮಾತ್ರ ಒಯ್ದು, ಸೋಡಾವನ್ನು ಗಿರಾಕಿಯ ಎದುರಿಗೇ ಸುರಿಯುವುದೆಂದು ತೀರ್ಮಾನಿಸಿದೆವು.

ಹೇಗೋ ನಡೆಯುತ್ತಿತ್ತು. ನಡುಬೇಸಿಗೆಯಲ್ಲಿ, ಕಾರುಗಳಿಗೆ ಟ್ರೇ ಒಯ್ಯಲು ನಾವಿಟ್ಟುಕೊಂಡಿದ್ದ ಕೇರಳದ ಹುಡುಗ ನಿಜ್ವಾ ಊರಿನ ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿ ಹೋದ. ಯಜಮಾನರ ಮಂಡಿ ಅಷ್ಟರಲ್ಲೇ ಸೋತಿತ್ತು. ಕಾರಿನಿಂದ ಕಾರಿಗೆ ಓಡಾಡುವುದು ಆಗದ ಮಾತು.

"ಮುಚ್ಚಿಬಿಡೋಣ ಕಣೇ" ಎಂದರು.

"ಮುಚ್ಚುವುದೆಂತಕ್ಕೆ? ನಾನು ಹೋಗ್ತೇನೆ."

"ನೀನಾ? ಇಲ್ಲಿ ಹೆಂಗಸರು ಹೀಗೆ ಕಾರಿನ ಹತ್ರ ಹೋಗೋದನ್ನ ನಾನಂತೂ ನೋಡಿಲ್ಲ."

"ಅಮೆರಿಕದಲ್ಲಿ ಹುಡುಗಿಯರೇ ಹೋಗ್ತಿದ್ದರು ಅಂತ ನೀವೇ ಹೇಳಿದ್ದಲ್ವಾ?"

ಕಫೀಲರನ್ನು ಒಪ್ಪಿಸಿ ನಾನೂ ಅಂಗಡಿಯಲ್ಲಿ ಕೆಲಸ ಮಾಡಬಹುದಾದಂತೆ ವೀಸಾ ಕಾಗದಗಳನ್ನು ಸರಿಮಾಡಿಸಿಕೊಂಡೆ. ಚೂಡಿದಾರದ ಮೇಲೆ ಏಪ್ರನ್ ಕಟ್ಟಿ, ತಲೆಗೆ ದುಪ್ಪಟ್ಟಾ ಬಿಗಿದು ಹೊರಗಿಳಿದೆ. ಸಂಜೆಯಾದರೂ ನೆಲ ಕಾಯ್ದ ಕಾವಲಿ. ಮೊದಲ ಕಾರಿನಾತ ನನ್ನನ್ನು ಕಂಡು ಗಾಜು ಏರಿಸಿಕೊಂಡ. ಎರಡನೆಯ ಕಾರಿನ ಯುವಕರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಹಿಂತಿರುಗಿ ನೋಡಿದರೆ ಕೌಂಟರಿನಲ್ಲಿ ಯಜಮಾನರು 'ಬಾ' ಎಂದು ಕೈಬೀಸುತ್ತಿದ್ದರು. ಕಾಣದವಳಂತೆ ಮುಂದಿನ ಕಾರಿಗೆ ನಡೆದೆ.

ಅದರಲ್ಲಿದ್ದವಳು ಒಮಾನಿ ಹೆಂಗಸು, ಹಿಂದಿನ ಸೀಟಿನಲ್ಲಿ ಮಕ್ಕಳು. ಅವಳು ಗಾಜನ್ನು ಪೂರ್ತಿ ಇಳಿಸಿ ಶರಬತ್ತು ತರಲು ಹೇಳಿದಳು. ನಾನು ಸೋಡಾ ಸುರಿದಾಗ ನೊರೆ ಉಕ್ಕಿ ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಕುಡಿದು, ಅರೆ ಹಿಂದಿ ಅರೆ ಇಂಗ್ಲಿಷಿನಲ್ಲಿ ಕೇಳಿದಳು:

"ನಾಳೆಯೂ ನೀನೇ ಇರ್ತೀಯಾ? ಟ್ರೇ ತರಲು ಗಂಡಸರು ಬಂದರೆ ನಾನು ಗಾಜು ಒಂದಿಷ್ಟೇ ಇಳಿಸಿ ಬೇಕಾದ್ದು ಹೇಳ್ತೇನೆ. ನೀನಿದ್ದರೆ ತಂಗಿಯನ್ನೂ ಕರ್ಕೊಂಡು ಬರ್ತೇನೆ."

"ಇರ್ತೇನೆ" ಎಂದೆ.

ಮಾತಿಗೆ ತಪ್ಪದೆ ತಂಗಿಯೊಡನೆ ಬಂದಳು. ಆ ತಂಗಿ ಶಾಲೆಯೊಂದರಲ್ಲಿ ಟೀಚರ್. ಮರುವಾರ ಅವಳ ಸಹೋದ್ಯೋಗಿಗಳು ಬಂದರು. ಹೆಂಗಸರ ಕಾರುಗಳ ಸಾಲು ಬೆಳೆಯಿತು. ಅವರ ಜೊತೆ ಗಂಡಂದಿರು, ತಂದೆಯರೂ ಬರತೊಡಗಿದ ಮೇಲೆ ನನ್ನನ್ನು ಕಂಡು ಗಾಜು ಏರಿಸುವವರು ಉಳಿಯಲಿಲ್ಲ.

ಚಳಿಗಾಲಕ್ಕೆ ಕೆಲಸಕ್ಕೆ ಇನ್ನೊಬ್ಬರು ಬೇಕಾದಾಗ ಯಜಮಾನರು, "ಯಾರಾದ್ರೂ ಗಂಡಸು ಸಿಕ್ತಾನಾ ವಿಚಾರಿಸ್ಲಾ?" ಎಂದರು.

"ಬೇಡ" ಎಂದೆ. ಚರ್ಚಿನ ಪರಿಚಯದ ಮಂಗಳೂರಿನ ಹೆಂಗಸೊಬ್ಬರು ಕೆಲಸ ಹುಡುಕುತ್ತಿದ್ದರು. ಈಗ ಬಲಗಡೆಯ ಕಾರುಗಳು ಅವರ ಪಾಲಿಗೆ, ಎಡಗಡೆಯವು ನನಗೆ. ಯಜಮಾನರು ಒಳಗೆ ಕುಳಿತು ಬೇರು ಜಜ್ಜುತ್ತಾರೆ.