ಕನ್ನೊಳ್ಳಿಯ ಜಾಲಿಮರ ಇದ್ದ ಗಾಜು

ಸಿದ್ದರಾಯನ ಹೆಸರೆತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ಸೋದರಮಾವ ಮೈಬೂಬಸಾಬರು ಅವನನ್ನು ಒಂದು ಸಲವಾದರೂ ಬಾಯಿತುಂಬ ಬೈದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮಾಮಾ ಸಿಂದಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು, ನಾನು ಬೆಳೆದದ್ದು ಅವರ ಮನೆಯಲ್ಲೇ. ಹೊಟ್ಟೆಪಾಡಿಗೆ ಮದುವೆ ಜೋಡಿಗಳು, ಶಾಲೆಯ ಮಾಸ್ತರರು. ಆದರೆ ಶುಕ್ರವಾರ ನಮಾಜು ಮುಗಿದ ಮೇಲೆ ಸೈಕಲ್ಲಿಗೆ ಕ್ಯಾಮರಾ ಕಟ್ಟಿಕೊಂಡು ಊರು ಬಿಟ್ಟರೆಂದರೆ ಬರುವುದು ದೀಪ ಹಚ್ಚುವ ಹೊತ್ತಿಗೇ. ಜೋಳ ಕೊಯ್ದ ಮೇಲೆ ಬಿರಿದ ಎರೆಹೊಲ, ರಾಶಿ ತೂರುವ ಹೆಂಗಸರು, ರಸ್ತೆಗೆ ಕಲ್ಲು ಒಡೆಯುವವರು, ಸಾಲೋಟಗಿಯಲ್ಲಿ ಶಾಸನದ ಕಲ್ಲಿನ ನೆರಳಿಗೆ ಮಲಗಿದ ಆಡು, ಮಾಮಾನ ಫೋಟೋಗಳು ಅಂಥವು. ಊರು ಅವರನ್ನು ಹುಚ್ಚ ಎನ್ನುತ್ತಿತ್ತು. ಮಾಮಿ ಜೋಹರಾಬಿಯೂ ಅದನ್ನೇ ಸ್ವಲ್ಪ ಮೆತ್ತಗೆ ಹೇಳುತ್ತಿದ್ದರು.

ಆಗ ಅವರು ಫೋಟೋ ತೆಗೆಯುತ್ತಿದ್ದುದು ಗಾಜಿನ ಪ್ಲೇಟಿನ ಮೇಲೆ. ಗಿರಾಕಿಗಳ ಫೋಟೋ ಮಾತ್ರ ಕಾಗದಕ್ಕೆ ಇಳಿಯುತ್ತಿತ್ತು. ಹೊಲ, ಮರ, ಕೂಲಿಯವರು ಗಾಜಿನಲ್ಲೇ ಉಳಿದರು. ಗಾಜು ಹೋದರೆ ಚಿತ್ರವೂ ಹೋದ ಹಾಗೆ.

ಸಿದ್ದರಾಯ ಪಕ್ಕದ ಅಂಗಡಿಯವನು, ದೇವರ ಪಟಗಳಿಗೆ ಗಾಜು, ಕಟ್ಟು ಹಾಕುತ್ತಿದ್ದ. ಮಾಮಾ ಕತ್ತಲ ಕೋಣೆಯಿಂದ ತಂದ ಪ್ಲೇಟನ್ನು ಬಾಗಿಲಲ್ಲಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಅದರಲ್ಲಿ ಎಲ್ಲ ತಿರುವುಮುರುವು, ಆಕಾಶ ಕಪ್ಪು, ಕರಿ ಎರೆಮಣ್ಣು ಬಿಳಿ. ನಮಗೆ ತಲೆಬುಡ ತಿಳಿಯುತ್ತಿರಲಿಲ್ಲ. ಕನ್ನೊಳ್ಳಿಯ ಜಾಲಿಮರದ ಪ್ಲೇಟು ನೋಡಿ ಅವನು ಹೇಳಿದ್ದು ನನಗಿನ್ನೂ ನೆನಪಿದೆ.

"ಕುರುಬನ್ನ ಮೂಲ್ಯಾಗ ಇಟ್ಟು ನೆರಳಿಗೆ ನಡುವಿನ ಜಾಗಾ ಕೊಟ್ಟೀಯಲ್ಲ ಮೈಬೂಬ, ಅದಕ್ಕ ಬಿಸಲು ಕಾಣಾಕತ್ತೈತಿ."

ಮಾಮಾ ಆ ಮಾತನ್ನು ತಿಂಗಳುಗಟ್ಟಲೆ ಮನೆಯಲ್ಲಿ ಹೇಳಿಕೊಂಡು ತಿರುಗಿದರು. ಅವರ ಕೆಲಸವನ್ನು ಕಣ್ಣಿಟ್ಟು ನೋಡಿದವನು ಅವನೊಬ್ಬನೇ. ಅವನಿಗೆ ನಿಜವಾಗಿಯೂ ಕಣ್ಣಿತ್ತು. ನನ್ನ ಸಿಟ್ಟೆಲ್ಲ ಅದಕ್ಕೇ.

ಅರವತ್ತೊಂದನೇ ಇಸವಿಯಲ್ಲಿ ಮಾಮಾಗೆ ಎದೆಯ ಬೇನೆಯಾಗಿ ಮಿರಜಿನ ದವಾಖಾನೆಯಲ್ಲಿ ನಾಲ್ಕು ತಿಂಗಳು ಇರಬೇಕಾಯಿತು. ಹೋಗುವಾಗ ಪ್ಲೇಟುಗಳ ಪೆಟ್ಟಿಗೆಯನ್ನು ಜೋಪಾನ ಮಾಡೆಂದು ಸಿದ್ದರಾಯನ ಕೈಗೆ ಕೊಟ್ಟರು. ಮರಳಿ ಬಂದಾಗ ಅವನು, ಮಳೆಗೆ ಅಟ್ಟ ಕುಸಿದು ಎಲ್ಲ ಪುಡಿಯಾಯಿತೆಂದು ಅತ್ತ. ಮಾಮಾನೇ ಅವನ ಬೆನ್ನು ಸವರಿದರು. ನಾನು ಅವನಿಗೆ ಸಕ್ಕರೆ ಹೆಚ್ಚು ಹಾಕಿ ಚಹಾ ಕೊಟ್ಟೆ.

ಮುಂದಿನ ವರ್ಷ ಮೋರಟಗಿಯ ತಿಪ್ಪವ್ವನ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ಕಾರ್ಯ. ಫೋಟೋಕ್ಕೆ ಹೆಂಗಸರನ್ನು ಸಾಲಾಗಿ ಕೂಡಿಸಲು ಮಾಮಾ ನನ್ನನ್ನೂ ಕರೆದೊಯ್ದಿದ್ದರು. ಗೋಡೆಯ ಮೇಲೆ ಹೊಸ ಕಟ್ಟು ಹಾಕಿದ ಬಸವಣ್ಣನ ಪಟ. ಬಾಗಿಲ ಬೆಳಕು ಓರೆಯಾಗಿ ಬಿದ್ದಾಗ ಗಾಜಿನ ಮೂಲೆಯಲ್ಲಿ ಹೆಬ್ಬೆರಳಷ್ಟು ಕಲೆ ಕಂಡಿತು. ಮಾಮಾ ಹತ್ತಿರ ಹೋದರು. ಒಂದು ಜಾಲಿ ಕೊಂಬೆ, ಅದರ ಕೆಳಗೆ ಕುರುಬನ ರುಮಾಲು. ಪ್ಲೇಟಿನ ಚಿತ್ರವನ್ನು ಸೋಡಾ ನೀರಿನಲ್ಲಿ ತೊಳೆದು ಬರೀ ಗಾಜು ಮಾಡಿದವನ ಕೈ ಆ ಮೂಲೆಗೆ ಮುಟ್ಟಿರಲಿಲ್ಲ. ಕಟ್ಟು ಯಾರದೆಂದು ಕೇಳಿದ್ದಕ್ಕೆ ತಿಪ್ಪವ್ವ ಸಿದ್ದರಾಯನ ಹೆಸರು ಹೇಳಿದಳು.

ಅಂದೇ ಸಂಜೆ ಮಾಮಾ ಅವನ ಅಂಗಡಿಗೆ ಹೋದರು, ಹಿಂದೆಯೇ ನಾನೂ. ಅವನು ಇಲ್ಲವೆನ್ನಲಿಲ್ಲ. ಸೊಲ್ಲಾಪುರದಿಂದ ಗಾಜು ಬರುವುದು ನಿಂತಿತ್ತಂತೆ, ಗಿರಾಕಿಗಳು ಬೆನ್ನು ಬಿದ್ದಿದ್ದರಂತೆ, ಅದಕ್ಕೇ ಪೆಟ್ಟಿಗೆಯ ಪ್ಲೇಟುಗಳನ್ನೆಲ್ಲ ತೊಳೆದು ಪಟಗಳಿಗೆ ಹಾಕಿದನಂತೆ.

"ಹೊಲಾ, ಬರಡ ಮಡ್ಡಿ ಫೋಟೋ ಯಾರು ನೋಡ್ತಾರೋ ಮೈಬೂಬ?"

"ನೀ ನೋಡ್ತಿದ್ದ್ಯಲ್ಲೋ" ಎಂದರು ಮಾಮಾ. ಅಷ್ಟೇ.

ಆಮೇಲೆ ಶುಕ್ರವಾರ ಕ್ಯಾಮರಾ ಊರು ಬಿಡಲಿಲ್ಲ. ಹೊಸ ಗಾಜು ಹಾಕಿಸಿಕೊಡುತ್ತೇನೆ, ಹಳೆಯದು ಕೊಡಿರೆಂದು ಮಾಮಾ ತಿಪ್ಪವ್ವನನ್ನು ಕೇಳಿದರು. ಪೂಜೆಯಾದ ಪಟ ಬಿಚ್ಚಬಾರದು ಎಂದಳು ಅವಳು. ಹಾಗಾಗಿ ತಿಂಗಳಿಗೊಮ್ಮೆ ಮೋರಟಗಿಗೆ ಹೋಗಿ ಪಟದ ಮುಂದೆ ಕೂತು ಬರತೊಡಗಿದರು. ಸಾಬರಿಗೆ ಬಸವಣ್ಣನ ಮೇಲೆ ಎಷ್ಟು ಭಕ್ತಿ ಎಂದು ಆ ಊರಿನವರಿಗೆ ಹೆಮ್ಮೆ. ಮಾಮಾ ಅದನ್ನು ತಿದ್ದಲಿಲ್ಲ.

ಒಂದು ದೀಪಾವಳಿಗೆ ನಾವು ಹೋದಾಗ ಗಾಜು ಫಳಫಳ ಹೊಳೆಯುತ್ತಿತ್ತು.

"ಮೂಲ್ಯಾಗ ಕಲಿ ಕುಂತಿತ್ರಿ ಸಾಬರ. ನೀವು ಬರೂದ್ರಾಗ ಬೂದಿ ಹಚ್ಚಿ ತಿಕ್ಕಿ ತಗದೇನಿ" ಎಂದಳು ತಿಪ್ಪವ್ವ, ಸಂತೋಷದಿಂದ.

ಛಲೋ ಆತವ್ವ ಎಂದರು ಮಾಮಾ. ಅವಳು ಕೊಟ್ಟ ಉಂಡಿ ತಿಂದರು. ಊರು ಬಂದ ಮೇಲೆ ಸಿದ್ದರಾಯನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದರು. ಏನು ಹೋಯಿತೆಂದು ಹೇಳಿದರೆ ತಿಳಿಯುವವನು ಊರಿನಲ್ಲಿ ಅವನೊಬ್ಬನೇ. ಮಾಮಾ ಬಹಳ ಹೊತ್ತು ಅಲ್ಲೇ ನಿಂತರು, ಒಳಗೆ ಹೋಗಲಿಲ್ಲ.