ಶರಣಮ್ಮ ಹೇಳಿದ ‘ಎಸ್’

೧೯೬೯ರ ಬೇಸಿಗೆ. ಚಿತ್ತಾಪುರದಲ್ಲಿ ನಾನು ಆಗಷ್ಟೇ ಮೆಟ್ರಿಕ್ ಮುಗಿಸಿದ್ದೆ. ನನ್ನ ಚಿಗವ್ವನ ಮಗಳು ಶರಣಮ್ಮ ನನಗಿಂತ ದೊಡ್ಡವಳು, ಅವಳೂ ಮೆಟ್ರಿಕ್ ಪಾಸಾದವಳು. ಗಂಡ ಶಹಾಬಾದಿನ ಕಲ್ಲಿನ ಖಣಿಯಲ್ಲಿ ತೀರಿಕೊಂಡ ಮೇಲೆ ಪುಟ್ಟ ಮಗಳನ್ನು ಕಟ್ಟಿಕೊಂಡು ಕುರಕುಂಟಾದ ಮಾವನ ಮನೆಯಲ್ಲಿದ್ದಳು.

ದೂರದ ಊರಿನ ಆಸ್ಪತ್ರೆಯೊಂದರವರು ನರ್ಸ್ ತರಬೇತಿಗೆ ಹುಡುಗಿಯರನ್ನು ಆರಿಸಲು ವಾಡಿಗೆ ಬರುವ ಸುದ್ದಿ ತಿಳಿಯಿತು. ಶರಣಮ್ಮ ಅತ್ತು ಕರೆದು ಮಾವನನ್ನು ಒಪ್ಪಿಸಿದಳು. “ಈ ಒಂದ್ ಸಲ ಹೋಗಿ ಬಾರವ್ವ. ಆಗ್ಲಿಲ್ಲಂದ್ರ ಮತ್ತ ಈ ಮಾತು ಎತ್ತಬ್ಯಾಡ” ಎಂದರು ಅವರು.

ನಾನೂ ಹೆಸರು ಕೊಟ್ಟು ಅವಳ ಜೊತೆ ವಾಡಿಗೆ ಹೋದೆ. ಬಂದಿದ್ದ ಮೇಟ್ರನ್, ಅಂದರೆ ನರ್ಸುಗಳ ಮುಖ್ಯಸ್ಥೆ, ವಿಲಾಯತಿಯ ಹೆಂಗಸು. ಕನ್ನಡ ಬಾರದು. ನಮ್ಮಿಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. ನನ್ನ ಹೆಸರು, ಊರು ಮಾತ್ರ ಕೇಳಿ ಬಿಟ್ಟರು. ಶರಣಮ್ಮನಿಗೆ ಮಗುವಿದೆಯೆಂದು ತಿಳಿದು, ನಿಧಾನವಾಗಿ ಬಿಡಿಸಿ ಕೇಳಿದರು: “ಮಗುವನ್ನು ಬಿಟ್ಟಿರುವುದು ನಿನಗೆ ಕಷ್ಟವಾಗುವುದಿಲ್ಲವೇ?”

ಇಂಗ್ಲಿಷ್ ಪ್ರಶ್ನೆ ಅವಳಿಗೆ ಅರ್ಥವಾಗಿತ್ತು. “ಎಸ್ ಮೇಡಂ” ಎಂದಳು. ಹೌದ್ರೀ, ಕಷ್ಟ ಆಗಂಗಿಲ್ಲ ಅಂತ ಅವಳ ಅರ್ಥ.

ಮೇಟ್ರನ್ ಇನ್ನೊಮ್ಮೆ ಕೇಳಿದರು. ಅವಳು ಇನ್ನೂ ಗಟ್ಟಿಯಾಗಿ “ಎಸ್ ಮೇಡಂ” ಎಂದಳು. ಅವರು ಎದ್ದು ಬಂದು ಅವಳ ಬೆನ್ನು ಸವರಿದರು. ಹೊರಗೆ ಬಂದಾಗ ಶರಣಮ್ಮನ ಮುಖ ಅರಳಿತ್ತು. “ಆಯಿತು ನೋಡವಾ! ಬೆನ್ನ ಮ್ಯಾಲೆ ಕೈ ಆಡಿಸಿದ್ರು” ಎಂದಳು.

ನಾನು ಆಯ್ಕೆಯಾದೆ. ಅವಳು ಆಗಲಿಲ್ಲ.

ತರಬೇತಿಗೆ ಸೇರಿ ವರ್ಷವಾಗುತ್ತ ಬಂದಿತ್ತು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಅದೇ ಮೇಟ್ರನ್ “ನೀನಿನ್ನೂ ಊಟ ಮಾಡಿಲ್ಲವೇ?” ಎಂದು ಕೇಳಿದರು. ಇನ್ನೂ ಉಂಡಿರದ ನಾನು “ಎಸ್ ಮೇಡಂ” ಎಂದೆ. ಅವರು ಸರಿಯೆಂದು ನನಗೆ ಇನ್ನೊಂದು ಕೆಲಸ ಹಚ್ಚಿ ಹೋದರು. ಪಕ್ಕದಲ್ಲಿದ್ದ ಹಿರಿಯ ನರ್ಸ್ ನಕ್ಕು, “ಹುಚ್ಚೀ, ಎಸ್ ಅಂದರೆ ಊಟ ಆಯಿತು ಅಂತ. ಆಗಿಲ್ಲದಿದ್ದರೆ ನೋ ಅನ್ನಬೇಕು” ಎಂದರು.

ಅಂದು ಶರಣಮ್ಮ ಎರಡು ಸಲ ಹೇಳಿದ ‘ಎಸ್’ ನೆನಪಾಯಿತು. ನೆಟ್ಟಗೆ ಮೇಟ್ರನ್ ಬಳಿ ಹೋಗಿ, ಬಂದಷ್ಟು ಇಂಗ್ಲಿಷಿನಲ್ಲಿ ಶರಣಮ್ಮನ ವಿಷಯ ಹೇಳಿದೆ. “ಕಷ್ಟವಾಗುತ್ತದೆ ಅಂದಳೆಂದೇ ತಿಳಿದೆ. ತಾಯಿ ಮಗುವನ್ನು ಅಗಲಿಸಬಾರದೆಂದು ನಾನೇ ಬೇಡವೆಂದೆ” ಎಂದರು. ಮುಂದಿನ ತಂಡಕ್ಕೆ ಕರೆದುಕೊಂಡು ಬಾ ಎಂದೂ ಹೇಳಿದರು.

ರಜೆ ಸಿಕ್ಕ ಕೂಡಲೇ ಕುರಕುಂಟಾಕ್ಕೆ ಹೋದೆ. ಶರಣಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

“ಇಷ್ಟೇ ಇತ್ತೇನ? ನಾ ಗಂಡ ಸತ್ತಾಕಿ ಅಂತ ಬ್ಯಾಡ ಅಂದಾರ ಅನ್ಕೊಂಡಿದ್ದೆ. ಮತ್ತೆಲ್ಲೂ ಹೋಗಿ ಕೇಳಾಕ ಧೈರ್ಯಾನೇ ಆಗ್ಲಿಲ್ಲ.”

“ಈಗರೆ ಬಾ ಅಕ್ಕಾ, ಅವರೇ ಕರದಾರ” ಎಂದೆ. ಒಳಗಿನಿಂದ ಮಾವ, “ಆ ಮಾತು ಮುಗದದ, ಸುಮ್ನಿರ್ರಿ” ಎಂದರು. ಎಷ್ಟು ಹೇಳಿದರೂ ಅವರು ಕರಗಲಿಲ್ಲ. ಶರಣಮ್ಮ ಮತ್ತೆ ಮೊರ ಎತ್ತಿಕೊಂಡಳು.

ನಾನು ನರ್ಸಾಗಿ ಸಂಸಾರ, ಮಕ್ಕಳು ಎಲ್ಲ ಕಂಡೆ. ಅವಳು ಅದೇ ಮನೆಯಲ್ಲಿ ಉಳಿದಳು. ಅವಳಿಗೆ ಕೆಲಸ ತಪ್ಪಿದ್ದು ನೆನೆದರೆ ಈಗಲೂ ನೋವಾಗುತ್ತದೆ. ಆದರೆ ಆ ಇಡೀ ವರ್ಷ, ತನ್ನ ಹಣೆಬರಹವೇ ಸರಿಯಿಲ್ಲವೆಂದು ಅವಳು ಯಾರಿಗೂ ಹೇಳದೆ ನಂಬಿಕೊಂಡು ಕೂತಿದ್ದಳಲ್ಲ, ಅದು ಅದಕ್ಕಿಂತ ಹೆಚ್ಚು ನೋಯಿಸುತ್ತದೆ.