ಅಮಾವಾಸ್ಯೆಗೆ ಕೂಡದ ಲೆಕ್ಕ

ಮಲೆ ಮಹದೇಶ್ವರ ಬೆಟ್ಟದ ಒಂದು ಲಾಡ್ಜಿಗೆ ಪ್ರೋಗ್ರಾಂ ಬರೆದುಕೊಟ್ಟವನು ನಾನು. ಬಂದವರ ಗುರುತಿನ ಚೀಟಿಯನ್ನು ಗುಮಾಸ್ತ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿಗೆ ಹಾಕುತ್ತಾನೆ. ನನ್ನ ಪ್ರೋಗ್ರಾಂ ಆ ಫೋಲ್ಡರನ್ನು ಕಾಯುತ್ತಾ ಕೂತಿದ್ದು, ಹೊಸ ಫೈಲು ಕಂಡ ಕೂಡಲೇ ಕೊಳ್ಳೇಗಾಲದ ಮಾಲೀಕರ ಕಂಪ್ಯೂಟರಿಗೆ ಕಳಿಸುತ್ತದೆ. ಆರು ವರ್ಷ ಓಡಿತು. ಓಡುತ್ತಿದೆಯೇ ಎಂದು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದೆ, ಅದು ಬೇರೆ ಮಾತು.

ಅಮಾವಾಸ್ಯೆಯ ದಿನ ಮಾತ್ರ ಲೆಕ್ಕ ಕೂಡುತ್ತಿರಲಿಲ್ಲ. ಲಾಡ್ಜಿನ ಪುಸ್ತಕದಲ್ಲಿ ಹೆಚ್ಚು ಜನ, ಕೊಳ್ಳೇಗಾಲ ತಲುಪಿದವರು ಕಡಿಮೆ. ಮಾಲೀಕರು ಕೇಳಿದರೆ 'ಬೆಟ್ಟದ ನೆಟ್ಟು ಸರಿಯಿಲ್ಲ ಸಾ' ಎನ್ನುತ್ತಿದ್ದೆ. ಕೊನೆಗೆ ಮಾಲೀಕರು ಯಳಂದೂರಿನ ಒಬ್ಬಾಕೆಯಿಂದ ಇನ್ನೊಂದು ಪ್ರೋಗ್ರಾಂ ಬರೆಸಿದರು. ಆಕೆ ಹಿಂದೆ ನನ್ನ ಬಳಿಯೇ ಟೈಪಿಂಗ್ ಕಲಿತವಳು.

'ಈ ಅಮಾಸೆಗೆ ಎರಡೂ ಓಡ್ಲಿ ಮೇಷ್ಟ್ರೇ. ಪುಸ್ತಕಕ್ಕೆ ಯಾವ್ದು ಸರೋಯ್ತದೋ ಅದುನ್ನ ಮಡಿಕತೀನಿ' ಎಂದರು ಮಾಲೀಕರು.

ಅಮಾವಾಸ್ಯೆಯ ಬೆಳಿಗ್ಗೆ ಇಬ್ಬರೂ ಬೆಟ್ಟದಲ್ಲಿದ್ದೆವು. ಆಕೆಯ ಡೇಟಾಬೇಸನ್ನು ಕದ್ದು ನೋಡಿದೆ. ಪ್ರತಿ ಫೈಲಿಗೂ ಒಂದು ಸಾಲು: ಯಾವಾಗ ಬಂತು, ಯಾವಾಗ ಹೋಯಿತು, ಆ ಕಡೆಯಿಂದ ಏನು ಉತ್ತರ ಬಂತು. ನನ್ನದರಲ್ಲಿ 'ಓಕೆ' ಎಂದಷ್ಟೇ ಇತ್ತು. ಹೊಟ್ಟೆ ಉರಿಯಿತು. ನೆಟ್ ಹೋಗಲಿ, ಇವಳ ಸಾಲುಗಳೆಲ್ಲ ಅಲ್ಲೇ ಕೊಳೆಯಲಿ ಎಂದು ಬೆಟ್ಟದ ದೇವರು ಮಾದಪ್ಪನಲ್ಲೇ ಬೇಡಿಕೊಂಡೆ. ನೆಟ್ ಹೋಯಿತು. ನನ್ನದು ಸೆಕೆಂಡಿಗೊಮ್ಮೆ ಬಾಗಿಲು ಬಡಿಯುತ್ತಾ ಒದ್ದಾಡಿತು. ಆಕೆಯದು ಬಂದ ಫೈಲಿನ ನಕಲು ತೆಗೆದಿಟ್ಟು, 'ಬಾಕಿ' ಎಂದು ಬರೆದುಕೊಂಡು ಸುಮ್ಮನಿತ್ತು. ನೆಟ್ ಬಂದ ಮೇಲೆ ಎರಡೂ ಕಳಿಸಿದವು.

ಸಂಜೆ ನೋಡಿದರೆ ಆಕೆಯ ಲೆಕ್ಕ ಪುಸ್ತಕಕ್ಕೆ ಸರಿಯಾಗಿ ಕೂಡಿತ್ತು. ನನ್ನದರಲ್ಲಿ ಅರ್ಧದಷ್ಟು ಜನರೇ ಇದ್ದರು. ಎರಡಕ್ಕೂ ಒಂದೇ ನೆಟ್ಟಾದ್ದರಿಂದ ತಪ್ಪನ್ನು ಅದರ ಮೇಲೆ ಹಾಕುವಂತೆಯೂ ಇರಲಿಲ್ಲ.

ಆಕೆ ಗುಮಾಸ್ತನನ್ನು ಕೇಳಿದಳು: 'ಫೈಲಿಗೆ ಏನಂತ ಎಸರು ಕೊಡ್ತೀಯಣ್ಣ?'

'ರೂಮ್ ನಂಬರ್ರು ಕಣವ್ವ. ಅಮಾಸೆ ದಿನ ಒಂದೊಂದು ರೂಮ್ಗೆ ಎರಡು ಮೂರು ಪಾರ್ಟಿ. ಮಿಂದು, ಉಂಡು, ಒಂದ್ಗಳಿಗೆ ಮಲಗಿ ಓಯ್ತರೆ. ಮೊದುಲ್ನೋರ್ದರ ಮೇಲೇ ಇನ್ನೊಬ್ರುದು ಆಕ್ತೀನಿ. ರೂಮು ಅದೇ ತಾನೇ?'

ತಪ್ಪು ಎಲ್ಲಿದೆಯೆಂದು ಹೊಳೆಯಿತು. ಒಂದೇ ಚೀಟಿ ಎರಡು ಸಲ ಹೋದೀತೆಂಬ ಭಯಕ್ಕೆ, ಒಂದು ಹೆಸರಿನ ಫೈಲನ್ನು ದಿನಕ್ಕೆ ಒಂದೇ ಸಲ ಕಳಿಸು ಎಂದು ನಾನೇ ಬರೆದಿದ್ದೆ. ಹಾಗಾಗಿ ಯಾವ ರೂಮಿನ ಎರಡನೇ ಪಾರ್ಟಿಯೂ ನನ್ನ ಪಾಲಿಗೆ ಬಂದೇ ಇರಲಿಲ್ಲ. ಆಕೆಯದು ಹೆಸರನ್ನು ನಂಬದೆ, ಒಳಗಿರುವುದು ಬದಲಾಗಿದೆಯೇ ಎಂದು ನೋಡುತ್ತಿತ್ತು.

ನನಗೆ ಮಾಲೀಕರ ಫೋನ್ ಬಂತು. ಎತ್ತುವ ಮೊದಲೇ ಆಕೆ ಮೆಲ್ಲಗೆ ಹೇಳಿದಳು: 'ಒಂದು ಸಾಲು ತಿದ್ದಿದ್ರೆ ನಿಮ್ದೂ ಸರೋಯ್ತದೆ ಸಾ. ನೆಟ್ಟು ಅಂತ್ಲೇ ಯೋಳಿ, ನಾನು ಬಾಯಿ ಬುಡಲ್ಲ.'

ಹೊಟ್ಟೆಕಿಚ್ಚಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಕ್ಕಿಲ್ಲ. ಆಕೆಯ ದಯೆಯಲ್ಲಿ ಬದುಕುವುದಕ್ಕಿಂತ ಕೆಲಸ ಹೋಗುವುದೇ ಮೇಲು ಅನ್ನಿಸಿತು.

'ತಪ್ಪು ನನ್ನದೇ ಸಾ. ನೆಟ್ಟಿಂದಲ್ಲ' ಎಂದೆ ಫೋನಿನಲ್ಲಿ.

'ಅಂಗಾದ್ರೆ ಆಯಮ್ಮುಂದೇ ಇರ್ಲಿ' ಎಂದು ಅವರು ಫೋನ್ ಇಟ್ಟರು. ನನ್ನ ಪ್ರೋಗ್ರಾಮನ್ನು ನಾನೇ ಅಳಿಸಿದೆ.

ಬೆಟ್ಟ ಇಳಿಯುವ ಬಸ್ಸಿನಲ್ಲಿ ಆಕೆಯ ಪಕ್ಕದ ಸೀಟೇ ಸಿಕ್ಕಿತು. ಹನೂರಿನವರೆಗೂ ಬಿಗುಮಾನದಿಂದಿದ್ದೆ. ಆಮೇಲೆ ತಡೆಯಲಾಗದೆ, ನೆಟ್ ಇಲ್ಲದಾಗ ಎಷ್ಟು ಹೊತ್ತು ಬಿಟ್ಟು ಮತ್ತೆ ಕಳಿಸುತ್ತೀಯ ಎಂದು ಕೇಳಿದೆ.

'ಮೊದ್ಲು ಒಂದು ನಿಮಿಷ ಸಾ. ಆಮೇಲೆ ಎರಡು, ನಾಕು, ಎಂಟು.'

'ನಾನೂ ಅದನ್ನೇ ಯೋಚನೆ ಮಾಡಿದ್ದೆ.'

'ಮಾಡಿರ್ತೀರ ಸಾ' ಎಂದಳು ಆಕೆ, ಕಿಟಕಿಯ ಕಡೆ ತಿರುಗಿ. 'ಬರ್ದಿರ್ನಿಲ್ಲ ಅಷ್ಟೇಯ.'